ಲಿಲಾವಿನವರ ಪರದೆ ಒರೆಸಿದ್ದು

ಆಗ ನನಗೆ ಐವತ್ತೆರಡು. ಹದಿನೆಂಟು ವರ್ಷದ ಹಿಂದಿನ ಮಾತು. ಯಲ್ಲಾಪುರದಲ್ಲಿ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅದರಲ್ಲಿ ಒಂದು ಇವರ ಮನೆ. ಹೆಸರು ಬರೆಯುವುದಿಲ್ಲ. ಊರಿನವರು ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೂ ಇಲ್ಲ. ಎಲ್ಲರಿಗೂ ಅವರು ಲಿಲಾವಿನವರು. ಹರಾಜಿಗೆ ನಮ್ಮ ಕಡೆ ಲಿಲಾವು ಅನ್ನುತ್ತಾರೆ. ಹೆದ್ದಾರಿ ಬದಿಯ ಒಂದು ಮರದ ಡಿಪೋದಲ್ಲಿ ದಿಮ್ಮಿಗಳ ಲಿಲಾವು ಕೂಗುವುದು ಅವರ ಕೆಲಸವಾಗಿತ್ತು.

ಹೋದ ತಿಂಗಳು ಸಿದ್ದಾಪುರದಲ್ಲಿ ಅವರ ತಮ್ಮ ತೀರಿಕೊಂಡರು ಎಂದು ಸುದ್ದಿ ಬಂತು. ಲಿಲಾವಿನವರು ಯಾವತ್ತೋ ಹೋದರು. ಅವರ ಹೆಂಡತಿ ಅಕ್ಕೋರೂ ಹೋದರು. ಈಗ ಬರೆದರೆ ತಲೆ ತಗ್ಗಿಸಬೇಕಾದವಳು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಬಹಳ ಒಳ್ಳೆಯವರಾಗಿದ್ದರು ಎಂದು ನಾನು ಹೇಳುವುದಿಲ್ಲ. ಸತ್ತವರ ಬಗ್ಗೆ ಎಲ್ಲರೂ ಹಾಗೆ ಹೇಳುತ್ತಾರೆ. ಇವರ ನಾಲಿಗೆ ಕೆಟ್ಟದ್ದಾಗಿತ್ತು. ಆದರೆ ಕಂಠ! ಡಿಪೋದಲ್ಲಿ ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಿತ್ತು. ಲಾರಿ ಹಾರ್ನ್ ಹೊಡೆದರೆ ಇವರು ಕೂಗು ನಿಲ್ಲಿಸುತ್ತಿರಲಿಲ್ಲ, ಲಾರಿಯವನೇ ಹಾರ್ನ್ ನಿಲ್ಲಿಸುತ್ತಿದ್ದ. ಒಂದೊಂದು ದಿಮ್ಮಿಗೂ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿ, ತಲೆ ವಾಲಿಸಿ ಕೇಳಿ, ಗಟ್ಟಿಯೋ ಪೊಳ್ಳೋ ಹೇಳುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ಹಲಸಿನಹಣ್ಣು, ತೆಂಗಿನಕಾಯಿ, ನಾನು ತೊಳೆದು ಬೋರಲು ಹಾಕಿದ ಕೊಡ, ಎಲ್ಲಕ್ಕೂ ಕುಟ್ಟಿ ನೋಡಬೇಕು.

ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಕಡೆಯವಳು?" ಅಂದರು.

"ಬನವಾಸಿ ಕಡೀಯಾಕಿರೀ," ಅಂದೆ.

"ಬನವಾಸಿ ಮಾಲು ಗಟ್ಟಿ ಇರ್ತದೆ. ಬಾಯಿಯೂ ಗಟ್ಟಿಯಾ?"

"ನಿಮ್ಮಷ್ಟಿಲ್ರಿ."

ಒಳಗೆ ಅಕ್ಕೋರು ನಕ್ಕದ್ದು ಕೇಳಿಸಿತು. ಕೆಲಸ ಸಿಕ್ಕಿತು.

ಅವರ ನಾಲಿಗೆ ಎಂಥದ್ದು ಎನ್ನುವುದಕ್ಕೆ ಒಂದು ದಿನದ ಮಾತು ಹೇಳಿದರೆ ಸಾಕು. ಅವರ ತಾಯಿಯ ಶ್ರಾದ್ಧ. ತಮ್ಮ ಸಿದ್ದಾಪುರದಿಂದ ಹೆಂಡತಿ ಮಗಳನ್ನು ಕರೆದುಕೊಂಡು ಬರಬೇಕು. ಅಲ್ಲಿ ಅವರದೊಂದು ಸೈಕಲ್ ಅಂಗಡಿ, ನಡೆಯುತ್ತಿತ್ತು ಅಂದರೆ ನಡೆಯುತ್ತಿತ್ತು. ಬಸ್ಸು ತಪ್ಪಿ, ಪಿಂಡ ಇಡುವ ಹೊತ್ತು ಮೀರಿದ ಮೇಲೆ ಬಂದರು. ಭಟ್ಟರು ಕಾದು ಕಾದು ಬೇಸತ್ತಿದ್ದರು. ತಮ್ಮ ಬಂದು ಅಂಗಳಕ್ಕೆ ಕಾಲಿಟ್ಟದ್ದೇ ಇವರು ಜಗಲಿಯ ಮೇಲೆ ಎದ್ದು ನಿಂತರು. ಡಿಪೋದ ಕಂಠದಲ್ಲೇ ಶುರು ಮಾಡಿದರು.

"ಬನ್ನಿ ಬನ್ನಿ, ಲಾಟು ಒಂದು! ಸಿದ್ದಾಪುರದ ಮಾಲು! ಮೇಲೆ ನುಣುಪು, ಒಳಗೆ ಪೊಳ್ಳು! ಹೆಣ ಸುಡಲೂ ಆಗದ ಮರ! ಯಾರಿದ್ದೀರಿ ಕೇಳೋರು? ಒಂದ್ಸಲ... ಎರಡ್ಸಲ... ಗಿರಾಕಿ ಇಲ್ಲ! ಮಾಲು ವಾಪಸ್!"

ನೆಂಟರೆಲ್ಲ ನಕ್ಕರು. ಹಿತ್ತಲಲ್ಲಿ ಬೂದಿ ಹಿಡಿದು ಕೂತಿದ್ದ ನಾನೂ ನಕ್ಕೆ. ಅಷ್ಟು ಚೆನ್ನಾಗಿ ಕೂಗಿದ್ದರು. ಆ ತಮ್ಮ ಚಪ್ಪಲಿ ಬಿಡಲಿಲ್ಲ. ಮಗಳ ಕೈ ಹಿಡಿದು ಅಲ್ಲಿಂದಲೇ ತಿರುಗಿದರು. ಒಂಬತ್ತು ವರ್ಷ ಆ ಮನೆಯ ಕಡೆ ತಲೆ ಹಾಕಲಿಲ್ಲ.

ಲಿಲಾವಿನವರ ಬಾಯಲ್ಲಿ ಯಾವಾಗಲೂ ಕವಳ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ನಾಲಿಗೆಯ ಬದಿಗೆ ಹುಣ್ಣಾಯಿತು. ಆರು ತಿಂಗಳು ಯಾರಿಗೂ ಹೇಳಲಿಲ್ಲ. ಹುಬ್ಬಳ್ಳಿಗೆ ಹೋಗುವಾಗ ಕಾರಿನವನಿಗೆ ಬೈಯುತ್ತ ಹೋದರು. ಬರುವಾಗ ನಾಲಿಗೆ ಇರಲಿಲ್ಲ.

ಕೈ ಮೊದಲಿನಿಂದಲೂ ನಡುಗುತ್ತಿತ್ತು. ಸ್ಲೇಟು ಕೊಟ್ಟರೆ, ಬರೆದದ್ದು ಅವರಿಗೇ ಓದಲು ಬರುತ್ತಿರಲಿಲ್ಲ. ಸ್ಲೇಟನ್ನು ಎರಡು ಸಲ ಅಂಗಳಕ್ಕೆ ಎಸೆದರು. ಕೊನೆಗೆ ಡಿಪೋದ ಸಾಹುಕಾರರು ತಮ್ಮ ಹಳೆಯ ಲ್ಯಾಪ್‌ಟಾಪ್ ಕಳಿಸಿದರು. ಒಂದೇ ಬೆರಳಿನಿಂದ ಒತ್ತುವುದಕ್ಕೆ ನಡುಕ ಅಡ್ಡಿಯಾಗಲಿಲ್ಲ, ತಡವಾಗುತ್ತಿತ್ತು ಅಷ್ಟೇ. ಹುಣಸೆ ಬೀಜದಷ್ಟು ದಪ್ಪ ಅಕ್ಷರ ಬರುವ ಹಾಗೆ ಮಾಡಿಸಿಕೊಂಡರು. ನಾನು ಓದಿದ್ದು ಎರಡನೆಯ ಇಯತ್ತೆ, ಆಗ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು, ಹೀಗೆ ಬರೆಯಲು ಕಲಿತದ್ದು ಬಹಳ ಆಮೇಲೆ. ಅವರು ಆ ಪರದೆಯಲ್ಲಿ ನನಗೆ ಹೇಳಿದ ಮೊದಲ ಮಾತು: "ಪಾತ್ರೆ ಕುಕ್ಕಬೇಡ."

ಮೇಜಿಗೆ ಗೆಣ್ಣಿನಿಂದ ಒಂದು ಸಲ ಕುಟ್ಟಿದರೆ ನನ್ನನ್ನು ಕರೆದಂತೆ. ಎರಡು ಸಲ ಅಕ್ಕೋರನ್ನು. ಮೂರು ಸಲ ಕುಟ್ಟಿದರೆ ಸಿಟ್ಟು ಬಂದಿದೆ ಎಂದು.

ಆ ಪರದೆ ಹೊಲಸಾಗದ ದಿನವಿಲ್ಲ. ಅವರಿಗೆ ಜೊಲ್ಲು ನಿಲ್ಲುತ್ತಿರಲಿಲ್ಲ, ಕೆಮ್ಮಿದರೆ ಸಿಡಿಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ನೋಡಲು ಬಂದವರ ಬೆರಳು. ನಮ್ಮ ಊರಿನ ಗಂಡಸರು ಕವಳ ಹಾಕುತ್ತ ಕೂರುವವರು. ತೋರುಬೆರಳ ತುದಿಯಲ್ಲಿ ಸುಣ್ಣ ಉಳಿದಿರುತ್ತದೆ. ಅದೇ ಬೆರಳನ್ನು ಪರದೆಯ ಮೇಲೆ ಎಳೆಯುತ್ತ, ಒಂದನೆಯ ಇಯತ್ತೆಯವರ ಹಾಗೆ ಅಕ್ಷರ ಕೂಡಿಸಿ ಓದುವುದು. ಲಿಲಾವಿನವರು ಮೂರು ಸಲ ಕುಟ್ಟುತ್ತಿದ್ದರು. ಬಂದವರಿಗೆ ಅದರ ಅರ್ಥ ಗೊತ್ತಿಲ್ಲ. "ಹೌದೌದು, ಓದ್ತಾ ಇದ್ದೆ," ಅನ್ನುತ್ತಿದ್ದರು.

ಅಕ್ಕೋರು ಒಂದು ಸಲ ಸಾಬೂನು ನೀರಿನಲ್ಲಿ ಸೆರಗು ಅದ್ದಿ ಒರೆಸಿದರು. ಕೆಸರಿಗೆ ಎಣ್ಣೆ ಬಿದ್ದಂತೆ ಬಣ್ಣ ಬಣ್ಣದ ಪಟ್ಟೆ ಎದ್ದಿತು. ಡಿಪೋದ ಯಂತ್ರಗಳನ್ನು ನೋಡಿಕೊಳ್ಳುವವನು ಬಂದು ಬೈದ. ಇದು ಕಿಟಕಿಯ ಗಾಜಲ್ಲ, ಮೇಲೆ ತೆಳು ಪೊರೆ ಇದೆ, ಸಾಬೂನು, ಸ್ಪಿರಿಟ್ಟು, ಗಾಜು ಒರೆಸುವ ಔಷಧ ಯಾವುದೂ ಆಗದು ಅಂದ. ಹುಬ್ಬಳ್ಳಿಯಲ್ಲಿ ಇದಕ್ಕೇ ಅಂತ ನೀಲಿ ಬಾಟ್ಲಿ ಸಿಗುತ್ತದೆ ಎಂದೂ ಅಂದ. ಲಿಲಾವಿನವರು ಒತ್ತಿದರು: "ಬಾಟ್ಲಿಯಲ್ಲಿ ನೀರು. ಬಣ್ಣಕ್ಕೆ ದುಡ್ಡು." ಆಮೇಲೆ ಮೇಜಿಗೆ ಒಂದು ಸಲ ಕುಟ್ಟಿದರು. ಆ ಕೆಲಸ ನನ್ನ ಪಾಲಿಗೆ ಬಂತು.

ಕಲಿಸುವುದರಲ್ಲಿ ಒಂದು ತೊಡಕಿತ್ತು. ಒರೆಸುವ ಮೊದಲು ಯಂತ್ರ ಬಂದ್ ಮಾಡಬೇಕು. ಬಂದ್ ಮಾಡಿದರೆ ಅವರಿಗೆ ಬಾಯಿಲ್ಲ. ಹಾಗಾಗಿ ಅವರು ನನಗೆ ಕಲಿಸಿದ್ದೆಲ್ಲ ಕೈಸನ್ನೆಯಲ್ಲಿ. ತಪ್ಪಿದರೆ ನನ್ನ ಮಣಿಕಟ್ಟಿಗೆ ಕುಟ್ಟುತ್ತಿದ್ದರು. ನೋಯುತ್ತಿತ್ತು.

ವೈರು ಕೀಳಬೇಕು, ಬ್ಯಾಟರಿ ತೆಗೆದಿಡಬೇಕು. ಪರದೆಯ ಬೆನ್ನಿಗೆ ಅಂಗೈ ಇಟ್ಟು, ಬಿಸಿ ಪೂರ್ತಿ ಆರಿದೆಯೇ ನೋಡಬೇಕು. ಬಟ್ಟೆ ಅವರದೇ ಹಳೆಯ ಪಂಚೆ, ಒಗೆದು ಒಗೆದು ಸವೆದು ಹೋದದ್ದು. ಅದರ ಅಂಚು ಕತ್ತರಿಸಿ ಎಸೆಯಬೇಕು, ಅಂಚಿನ ನೂಲು ಗೀರುತ್ತದೆ. ಗಂಜಿ, ನೀಲಿ ಏನೂ ಹಾಕಿರಬಾರದು. ಮೊದಲು ಒಣ ಬಟ್ಟೆಯಿಂದ ಧೂಳು ಜಾಡಿಸಬೇಕು, ಉಜ್ಜಬಾರದು. ಧೂಳಿರುವಾಗಲೇ ಒದ್ದೆ ಬಟ್ಟೆ ಎಳೆದರೆ ಮರಳು ಕಾಗದ ಎಳೆದ ಹಾಗೆ. ನಮ್ಮ ಬಾವಿ ನೀರಿನಲ್ಲಿ ಕೆಂಪು ಮಣ್ಣಿದೆ, ಅದಕ್ಕೆ ಕುದಿಸಿ, ಆರಿಸಿ, ಸೋಸಿದ ನೀರು. ನೀರನ್ನು ಪರದೆಗೆ ಹಾಕುವುದಲ್ಲ, ಬಟ್ಟೆಯ ಒಂದು ಮೂಲೆಗೆ. ಹಿಂಡಿ ಹಿಂಡಿ ಕೈ ಸೋಲಬೇಕು. ಆಮೇಲೆ ಆ ಮೂಲೆಯನ್ನು ಮುಂಗೈ ಮೇಲೆ ಇಟ್ಟುಕೊಳ್ಳಬೇಕು. ತಂಪಾಗಬೇಕು, ಒದ್ದೆಯಾಗಬಾರದು. ಅವರು ನನ್ನ ಮುಂಗೈ ಮುಟ್ಟಿ ನೋಡಿ, ಒದ್ದೆಯಿದ್ದರೆ ತಲೆ ಅಲ್ಲಾಡಿಸುತ್ತಿದ್ದರು. ಮತ್ತೆ ಹಿಂಡು. ಮೇಲಿಂದ ಕೆಳಗೆ, ಒಂದೇ ದಿಕ್ಕಿಗೆ, ಒತ್ತದೆ. ಕಲೆ ಗಟ್ಟಿಯಿದ್ದರೆ ಆ ತಂಪು ಬಟ್ಟೆಯನ್ನು ಅದರ ಮೇಲೆ ಹಾಗೇ ಇಟ್ಟು ಕಾಯಬೇಕು, ತಾನಾಗಿ ಮೆತ್ತಗಾಗುತ್ತದೆ. ಕಡೆಗೆ ಒಣ ಬಟ್ಟೆ. ಪೂರ್ತಿ ಒಣಗುವ ತನಕ ಮುಚ್ಚಳ ಹಾಕಬಾರದು.

ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ. ತಾಳ್ಮೆ ಬೇಕು. ಡಿಪೋದಲ್ಲಿ ಹತ್ತು ಮಂದಿ ಸಾಹುಕಾರರಿಗೆ ಒಂದು ನಿಮಿಷ ಕೊಡದ ಮನುಷ್ಯ ನನ್ನ ಮುಂದೆ ಅರ್ಧ ಗಂಟೆ ಸುಮ್ಮನೆ ಕೂತಿರುತ್ತಿದ್ದರು. ಬೇರೆ ದಾರಿ ಇರಲಿಲ್ಲ ಅವರಿಗೆ.

ಮುಂದಿನ ವರ್ಷ ಹುಬ್ಬಳ್ಳಿಯ ಡಾಕ್ಟರು ರೋಗ ಗಂಟಲಿಗೆ ಇಳಿದಿದೆ ಅಂದರು. ಅವತ್ತು ಸಂಜೆ ಲಿಲಾವಿನವರು ಅಕ್ಕೋರಿಗೆ ಒತ್ತಿ ತೋರಿಸಿದ್ದು: "ತಮ್ಮನ್ನ ಕರೆಸು."

"ಕಾಗದ ಬರೀರಲ. ಆನು ಬರ್ಕೊಡ್ತೆ," ಅಂದರು ಅಕ್ಕೋರು. ಅವರ ಹವ್ಯಕ ಮಾತಿನಲ್ಲಿ ಆನು ಅಂದರೆ ನಾನು.

ಅವರು ಬಹಳ ಹೊತ್ತು ಒತ್ತಿದರು. "ಎದುರಿಗೆ ಕೂಗಿದ್ದು. ಎದುರಿಗೇ ವಾಪಸ್."

ಅಕ್ಕೋರು ಅಂಗಡಿಗೆ ಹೋಗಿ ನಾಲ್ಕು ಸಲ ಫೋನ್ ಮಾಡಿದರು. ಮೂರು ಸಲ ತಮ್ಮ ಇಟ್ಟುಬಿಟ್ಟರಂತೆ. ನಾಲ್ಕನೆಯ ಸಲ, "ಅತ್ತಿಗೆ, ನಿನ್ನ ಮೋರೆ ನೋಡಿ ಒಂದೇ ಒಂದ್ಸಲ ಬರ್ತೆ. ಮತ್ತೆ ಕರೀಲಾಗ," ಅಂದರಂತೆ. ವಿಜಯದಶಮಿಯ ಮಧ್ಯಾಹ್ನಕ್ಕೆ ಬರುವುದೆಂದು ಆಯಿತು. ಲಿಲಾವಿನವರು ಒಂದು ವಾರ ಒತ್ತಿದರು, ಒತ್ತಿದರು. ನಾನು ಹತ್ತಿರ ಹೋದರೆ ಮುಚ್ಚಳ ಮುಚ್ಚುತ್ತಿದ್ದರು.

ನವರಾತ್ರಿ ಬಂತು. ಅಕ್ಕೋರ ತಲೆಗೆ ಇನ್ನೊಂದು ಹೊಕ್ಕಿತು.

"ಇದು ಪುಸ್ತಕವೋ ಆಯುಧವೋ, ಹೇಳಿ ಮೊದ್ಲು," ಅಂದರು ಗಂಡನಿಗೆ. "ಪುಸ್ತಕ ಆದ್ರೆ ಇವತ್ತೇ ಶಾರದೆಗೆ ಇಡವು, ದಶಮಿವರೆಗೆ ಮುಟ್ಟಲಾಗ. ಆಯುಧ ಆದ್ರೆ ನವಮಿ ಒಂದೇ ದಿನ."

ಅವರು ಒತ್ತಿದರು: "ಬಾಯಿ."

"ಬಾಯಿ ಆದ್ರೆ ಇನ್ನೂ ಒಳ್ಳೇದಾತು. ನಿಂಗಳ ಬಾಯಿಗೆ ಇಷ್ಟು ವರ್ಷ ಪೂಜೆ ಮಾಡ್ದೇ ಇದ್ದಿದ್ದಕ್ಕೇ ಹೀಂಗೆ ಆಜು."

ಅವರು ಮೂಗಿನಲ್ಲಿ ಸದ್ದು ಮಾಡಿದರು. ನಕ್ಕದ್ದು. ಆಯುಧ ಎಂದೇ ತೀರ್ಮಾನವಾಯಿತು. ನವಮಿಯ ದಿನ ಮೆಟ್ಟುಗತ್ತಿ, ಕೊಡಲಿ, ಗುದ್ದಲಿಗಳ ನಡುವೆ ಲ್ಯಾಪ್‌ಟಾಪನ್ನು ತೆರೆದಿಟ್ಟರು. ಅಕ್ಕೋರು ಪರದೆಯ ತುಂಬ ಗಂಧ ಬಳಿದು, ನಡುವೆ ಕುಂಕುಮ ಇಟ್ಟು, ಗುಂಡಿಗಳ ಮೇಲೆ ದಾಸವಾಳ ಇಟ್ಟರು. ಆ ದಿನವೆಲ್ಲ ಲಿಲಾವಿನವರು ಜಗಲಿಯಲ್ಲಿ ಮೂಕರಾಗಿ ಕೂತಿದ್ದರು.

ದಶಮಿಯ ಬೆಳಿಗ್ಗೆ ನಾನು ಹೋದಾಗ ಪೂಜೆ ಮುಗಿಸಿ ಆಯುಧಗಳನ್ನು ಎತ್ತಿದ್ದರು. ಲಿಲಾವಿನವರು ಸ್ನಾನಕ್ಕೆ ಹೋಗಿದ್ದರು. ಅಕ್ಕೋರು ಒಲೆಯ ಮುಂದಿನಿಂದಲೇ, "ಗಂಧ ಒರೆಸೆ ಮಾರಾಯ್ತಿ, ಬಸ್ಸು ಬರೋ ಹೊತ್ತಾತು," ಅಂದರು.

ಗಂಧ ಒಣಗಿ ಗೋಡೆಯ ಗಾರೆಯಾಗಿತ್ತು. ತಂಪು ಬಟ್ಟೆ ಇಟ್ಟು ಕಾದೆ. ಕುಂಕುಮ ಬಂತು, ಗಂಧ ಬರಲಿಲ್ಲ. ಇನ್ನೊಂದು ಸಲ ಇಟ್ಟೆ. ಇನ್ನೂ ನಾಲ್ಕು ಸಲ ಇಡಬೇಕಿತ್ತು. ಇನ್ನೆರಡು ಮನೆಗಳಲ್ಲಿ ಹಬ್ಬದ ಪಾತ್ರೆ ರಾಶಿ ಬಿದ್ದಿತ್ತು. ತಲೆ ಕೆಟ್ಟು, ದೇವರ ಪಟದ ಗಾಜಿಗೆ ಚಿಮುಕಿಸುವ ಹಾಗೆ ಬಟ್ಟಲಿಗೆ ಬೆರಳು ಅದ್ದಿ ನೀರು ಚಿಮುಕಿಸಿದೆ. ಗಂಧ ಕರಗಿತು. ಹಳದಿ ನೀರು ಇಳಿದು, ಕೆಳಗಿನ ಅಂಚಿನಲ್ಲಿ ನಿಂತು, ಸಂದಿಯೊಳಗೆ ಹೋಯಿತು. ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಒರೆಸಿದೆ. ಆ ಪರದೆ ಯಾವತ್ತೂ ಅಷ್ಟು ಚೊಕ್ಕವಾಗಿ ಕಂಡಿರಲಿಲ್ಲ.

ಯಾರಿಗೂ ಹೇಳಲಿಲ್ಲ. ನೀರು ಹೋದರೆ ಎರಡು ದಿನ ಬೋರಲು ಇಟ್ಟು ಒಣಗಿಸಬೇಕು, ಹಚ್ಚಬಾರದು ಎಂದು ಅವರೇ ಕಲಿಸಿದ್ದರು. ಹೇಳಿದ್ದರೆ ಯಂತ್ರ ಉಳಿಯುತ್ತಿತ್ತೇನೋ, ತಮ್ಮನ ಮುಂದೆ ಮಾತು ಇರುತ್ತಿರಲಿಲ್ಲ. ಆದರೆ ನಾನು ಬಾಯಿ ಮುಚ್ಚಿದ್ದು ಆ ವಿಚಾರ ಮಾಡಿ ಅಲ್ಲ. ಹೆದರಿ.

ಹನ್ನೊಂದೂವರೆಗೆ ತಮ್ಮ ಬಂದರು, ಒಬ್ಬರೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜಗಲಿಯ ತುದಿಗೆ ಕೂತು ಅತ್ತಿಗೆಯ ಕಡೆ ತಿರುಗಿ, "ಊಟಕ್ಕೆ ಕರೆದೆ, ಬಂದೆ. ಬೇರೆ ಎಂತದೂ ಬೇಡ," ಅಂದರು. ಅಣ್ಣನ ಮುಖ ನೋಡಲಿಲ್ಲ.

ಲಿಲಾವಿನವರು ಯಂತ್ರ ಹಚ್ಚಿದರು. ಮೇಲಿನ ಅರ್ಧ ಬೆಳಗಿತು. ಕೆಳಗಿನ ಅರ್ಧ ಶಾಯಿ ಚೆಲ್ಲಿದಂತೆ ಕಪ್ಪು. ಅವರು ಗುಂಡಿ ಒತ್ತಿದರು, ಅಲುಗಿಸಿದರು. ಕಪ್ಪು ಕಪ್ಪೇ. ಹೆಂಡತಿಯ ಕಡೆ ತಿರುಗಿ ಮೇಜಿಗೆ ಮೂರು ಸಲ ಕುಟ್ಟಿದರು.

"ಅಯ್ಯೋ ದೇವರೆ, ಗಂಧ ಹಚ್ಚಿದ್ದಕ್ಕೇ ಆಜು! ಆನೇ ಹಚ್ಚಿದ್ದು!" ಅಕ್ಕೋರು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಆ ಎರಡು ಮನೆ ಮುಗಿಸಿ ಬಂದು ಬಾಗಿಲಿನೊಳಗೆ ಕಾಯಿ ತುರಿಯುತ್ತಿದ್ದೆ. ತುರಿಯುತ್ತಲೇ ಇದ್ದೆ.

ಲಿಲಾವಿನವರು ಒಂದು ವಾರ ಬರೆದಿಟ್ಟದ್ದನ್ನು ತೆರೆದು, ಪರದೆಯನ್ನು ತಮ್ಮನ ಕಡೆ ತಿರುಗಿಸಿದರು. ತಮ್ಮ ಬಗ್ಗಿ, ಕಾಣುವಷ್ಟನ್ನು ಗಟ್ಟಿಯಾಗಿ ಓದಿದರು.

"ತಮ್ಮಾ, ಆ ದಿನ ನೀನು ಹೊತ್ತಿಗೆ ಸರಿಯಾಗಿ ಬಂದಿದ್ದರೆ..."

ಅಷ್ಟೇ. ಮುಂದಿನದು ಕಪ್ಪಿನೊಳಗೆ.

ತಮ್ಮ ಎದ್ದೇ ಬಿಟ್ಟರು. "ನೋಡಿದ್ಯ ಅತ್ತಿಗೆ? ನಾಲಿಗೆ ಹೋದ್ರೂ ಮಾತು ಹೋಜಿಲ್ಲೆ. ಇನ್ನೂ ಆನೇ ತಪ್ಪಾ? ಬಸ್ ತಪ್ಪಿದ್ದು ಯನ್ನ ಕೈಯಲ್ಲಿ ಇತ್ತಾ?"

"ಕೆಳಗೆ ಇದ್ದು! ಕೆಳಗೆ ಬೇರೆ ಬರದ್ದ! ಕೂತ್ಕ!" ಅಂತ ಅಕ್ಕೋರು ಅವರ ತೋಳು ಹಿಡಿದರು.

"ಕೆಳಗೆ ಎಂತದೂ ಕಾಣ್ತಿಲ್ಲೆ."

ಲಿಲಾವಿನವರು ಆ ಬರಹವನ್ನು ಮೇಲಕ್ಕೆ ಸರಿಸಬಹುದಿತ್ತು. ಕೆಳಗಿನದೆಲ್ಲ ಮೇಲೆ ಬರುತ್ತಿತ್ತು. ಕೈ ಗುಂಡಿಯ ಹತ್ತಿರ ಹೋಯಿತು. ನಿಂತಿತು. ತಾವೇ ಬರೆದ ಆ ಮೊದಲ ಸಾಲನ್ನು ಅವರು ಒಂದು ಸಲ ಓದಿದರು. ಆಮೇಲೆ ಎಲ್ಲವನ್ನೂ ಅಳಿಸಿಬಿಟ್ಟರು. ವಾರದ್ದೆಲ್ಲ ಹೋಯಿತು. ಪರದೆಯ ಮೇಲರ್ಧ ಬೆಳ್ಳಗೆ ಖಾಲಿಯಾಯಿತು.

ಒಂದೇ ಬೆರಳಿನಿಂದ ಒತ್ತತೊಡಗಿದರು. ಒಂದು ಅಕ್ಷರ ಬಂತು. ತಪ್ಪಿತು, ಅಳಿಸಿದರು. ಮತ್ತೆ ಒತ್ತಿದರು. ಚಪ್ಪಲಿ ಮೆಟ್ಟಿಕೊಂಡ ತಮ್ಮ ಅಲ್ಲೇ ನಿಂತು ನೋಡುತ್ತಿದ್ದರು. ಒಳಗೆ ಅನ್ನ ಉಕ್ಕಿ ಒಲೆ ಆರಿದ ವಾಸನೆ ಬಂತು, ಅಕ್ಕೋರು ಏಳಲಿಲ್ಲ. ನಾನು ಈಳಿಗೆಮಣೆ ಬಿಟ್ಟು ಬಾಗಿಲಿಗೆ ಬಂದು ಓದಿದೆ. ನನಗೂ ಓದಲು ಬರುವಷ್ಟು ಸಣ್ಣ ಮಾತು.

"ತಪ್ಪು ನಂದು."

ಅವರು ಮತ್ತೆ ಒತ್ತಿದರು. ಇದು ಇನ್ನೂ ಹೊತ್ತು ಹಿಡಿಯಿತು.

"ಮಾಲು ಗಟ್ಟಿ. ಕೂಗಿದವ ಪೊಳ್ಳು."

ತಮ್ಮ ಎರಡು ಸಲ ಓದಿದರು. ಬೆರಳು ಪರದೆಗೆ ತಾಗಿಸಲಿಲ್ಲ. "ಇಷ್ಟು ಹೇಳಲೆ ಒಂಬತ್ತು ವರ್ಷ ಬೇಕಾತಾ, ಅಣ್ಣ?" ಅಂದರು. ಆಮೇಲೆ ಚಪ್ಪಲಿ ಬಿಟ್ಟು ಬಂದು, "ಅತ್ತಿಗೆ, ಬಾಳೆ ಹಾಕು. ಹಶುವಾಜು," ಅಂದರು.

ಕ್ಷಮಿಸಿದೆ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಊಟ ಮಾಡಿ ಸಂಜೆ ಬಸ್ಸಿಗೆ ಹೋದರು. ಮುಂದೆ ತಿಂಗಳಿಗೆ ಒಂದು ಸಲ ಬರುತ್ತಿದ್ದರು. ಅಣ್ಣನ ಪಕ್ಕ ಕೂತು ಸೈಕಲ್ ಅಂಗಡಿಯ ವಿಚಾರ ಹೇಳುತ್ತಿದ್ದರು, ಇವರು ಕುಟ್ಟುತ್ತಿದ್ದರು. ಏಳು ತಿಂಗಳಿಗೆ ಲಿಲಾವಿನವರು ಹೋದರು. ಚಟ್ಟಕ್ಕೆ ಮುಂದಿನಿಂದ ಹೆಗಲು ಕೊಟ್ಟದ್ದು ತಮ್ಮನೇ. ನಾನು ಅಳಲಿಲ್ಲ. ಅವತ್ತು ಪಾತ್ರೆ ಬಹಳ ಇತ್ತು. ಒಂದನ್ನೂ ಕುಕ್ಕಲಿಲ್ಲ.

ಅದು ಆಮೇಲಿನದು. ಆ ವಿಜಯದಶಮಿ ಕಳೆದ ಮರುದಿನದ ಮಾತು ಹೇಳದಿದ್ದರೆ ಇಷ್ಟು ಬರೆದದ್ದು ದಂಡ.

ಆ ರಾತ್ರಿ ನನಗೆ ನಿದ್ದೆ ಬಂತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಏಳಕ್ಕೆ ಹೋದಾಗ ಅಕ್ಕೋರು ದೇವರ ಮುಂದೆ ಕೂತು, ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟುತ್ತಿದ್ದರು. ಗಂಡನ ಬಾಯಿ ತಾವೇ ಹಾಳು ಮಾಡಿದೆವೆಂದು. ಕಣ್ಣು ಊದಿತ್ತು. ನಾನು ಹಿತ್ತಲಿಗೆ ಹೋಗದೆ ನೇರ ಜಗಲಿಗೆ ಹೋದೆ. ಲಿಲಾವಿನವರು ಗೋಡೆಗೆ ಒರಗಿ ಕೂತಿದ್ದರು. ಯಂತ್ರ ಮುಚ್ಚಿ ಬದಿಗಿಟ್ಟಿತ್ತು. ಅವರ ಎದುರಿಗೆ ನಿಂತು, ಒಳಗೆ ಅಕ್ಕೋರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

"ಗಂಧದಿಂದ ಅಲ್ರಿ. ಅಕ್ಕೋರದೇನೂ ತಪ್ಪಿಲ್ಲ. ನೀರು ಚಿಮುಕಿಸಿದಾಕಿ ನಾನು. ಒಳಗ ಹೋಗಿದ್ದು ನೋಡೀನಿ. ನಿನ್ನೆ ಹೇಳ್ಲಿಲ್ಲ."

ಒಳಗೆ ಅಕ್ಕೋರ ಬಳೆಯ ಸದ್ದು ನಿಂತಿತು. ಲಿಲಾವಿನವರು ನನ್ನನ್ನೇ ನೋಡುತ್ತಿದ್ದರು. ನಾನು ಯಂತ್ರವನ್ನು ಎತ್ತಿ ಅವರ ಮುಂದಿಟ್ಟು, ಮುಚ್ಚಳ ತೆರೆದು, ಮೇಲರ್ಧ ಬೆಳಗುವ ತನಕ ಕಾದು, ಅವರು ಏನು ಹೇಳುತ್ತಾರೋ ಅದನ್ನು ಓದಲು ಅಲ್ಲೇ ನಿಂತೆ.